ಕಾಲು ಭಾಗ ಕಾಲಿನದೇ: ಪೊಡಿಯಾಟ್ರಿ ಬೋರ್ಡ್ ಪರೀಕ್ಷೆಗೆ ಓದುವುದು ಹೇಗೆ?

ನಾನು ಊರಿಗೆ ಬಂದಾಗಲೆಲ್ಲ ದಾವಣಗೆರೆಯ ಚಿಕ್ಕಮ್ಮ ಅಕ್ಕಪಕ್ಕದ ಮನೆಯ ಯಾವುದಾದರೂ ಮಗುವನ್ನು ಎತ್ತಿಕೊಂಡು ಬಂದು ನನ್ನೆದುರು ಕೂರಿಸುತ್ತಾರೆ. ‘ನೋಡೇ, ಮೂರು ದಿನದಿಂದ ಕೆಮ್ಮು.’ ನನ್ನದು ಪೀಡಿಯಾಟ್ರಿಕ್ಸ್ ಅಲ್ಲ, ಪೊಡಿಯಾಟ್ರಿ. ನಾನು ನೋಡುವುದು ಮಕ್ಕಳನ್ನಲ್ಲ, ಪಾದಗಳನ್ನು ಎಂದು ಹನ್ನೊಂದು ವರ್ಷದಿಂದ ಹೇಳುತ್ತಲೇ ಇದ್ದೇನೆ. ‘ಮಗುವಿಗೂ ಪಾದ ಇದೆಯಲ್ಲ’ ಎನ್ನುತ್ತಾರೆ ಅವರು. ಆ ವಾದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.

ಈಚೆಗೆ ಬೇರೊಂದು ಬಗೆಯ ಪ್ರಶ್ನೆಗಳೂ ಬರುತ್ತಿವೆ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳು, ಮದುವೆಯಾಗಿ ಅಲ್ಲಿಗೆ ಹೋಗಿ ಮತ್ತೆ ಓದಲು ಕುಳಿತ ಹೆಣ್ಣುಮಕ್ಕಳು ಪೊಡಿಯಾಟ್ರಿ ಕಾಲೇಜು ಸೇರುತ್ತಿದ್ದಾರೆ. ವೃತ್ತಿಯ ಲೈಸೆನ್ಸ್‌ಗೆ ಬರೆಯಬೇಕಾದ ಬೋರ್ಡ್ ಪರೀಕ್ಷೆ ಹತ್ತಿರವಾದಾಗ ಅವರು ನನಗೆ ಫೋನ್ ಮಾಡುತ್ತಾರೆ. ನಾನು ಬುದ್ಧಿವಂತೆ ಎಂದಲ್ಲ. ಮೊದಲ ಸಲ ಫೇಲಾದವಳು ಎಂದು ಗೊತ್ತಿರುವುದರಿಂದ. ಎಲ್ಲಿ ಎಡವಬಹುದು ಎಂಬುದನ್ನು ಎಡವಿದವರೇ ಸರಿಯಾಗಿ ಹೇಳಬಲ್ಲರು.

ಮೊದಲು, ಇದು ಯಾರಿಗೆ?

ಅಮೆರಿಕದಲ್ಲಿ ಪೊಡಿಯಾಟ್ರಿ ಎಂಬುದು ಎಂಬಿಬಿಎಸ್ ಮುಗಿಸಿ ಆಯ್ದುಕೊಳ್ಳುವ ವಿಭಾಗವಲ್ಲ. ಅದಕ್ಕೆ ಬೇರೆಯೇ ಕಾಲೇಜು, ಬೇರೆಯೇ ಪದವಿ. ಸಾಮಾನ್ಯ ಪದವಿ, ಎಂಕ್ಯಾಟ್ ಪ್ರವೇಶ ಪರೀಕ್ಷೆ, ಆಮೇಲೆ ನಾಲ್ಕು ವರ್ಷದ ಡಿಪಿಎಂ (ಡಾಕ್ಟರ್ ಆಫ್ ಪೊಡಿಯಾಟ್ರಿಕ್ ಮೆಡಿಸಿನ್) ಪದವಿ, ಅದಾದ ಮೇಲೆ ಮೂರು ವರ್ಷದ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯ ತರಬೇತಿ. ನ್ಯೂಯಾರ್ಕ್‌ನಲ್ಲಿ 1911ರಲ್ಲಿ, ಚಿಕಾಗೊದಲ್ಲಿ 1912ರಲ್ಲಿ ಶುರುವಾದ ಹಳೆಯ ಕಾಲೇಜುಗಳಿಂದ ಹಿಡಿದು ಈಚೆಗೆ ಟೆಕ್ಸಾಸ್‌ನಲ್ಲಿ ತೆರೆದದ್ದರವರೆಗೆ ಎಲ್ಲವನ್ನೂ ಎಣಿಸಲು ಹತ್ತು ಕೈಬೆರಳಿನ ಜತೆಗೆ ಒಂದು ಕಾಲ್ಬೆರಳು ಸಾಕು. ಮಾನ್ಯತೆ ಪಡೆದ ಈ ಕಾಲೇಜುಗಳ ವಿದ್ಯಾರ್ಥಿಗಳಷ್ಟೇ ಅಲ್ಲಿನ ರಾಷ್ಟ್ರೀಯ ಪೊಡಿಯಾಟ್ರಿ ಪರೀಕ್ಷಾ ಮಂಡಳಿ ನಡೆಸುವ ಲೈಸೆನ್ಸ್ ಪರೀಕ್ಷೆಗೆ, ಅಂದರೆ ಎಪಿಎಂಎಲ್‌ಇಗೆ, ಕೂರಬಹುದು. ಬೆಂಗಳೂರಿನ ಕರ್ನಾಟಕ ಎಂಡೋಕ್ರೈನಾಲಜಿ ಸಂಸ್ಥೆಯಂಥ ಕಡೆಗಳಲ್ಲಿ ಪಾದದ ಚಿಕಿತ್ಸೆಗೆಂದೇ ವಿಭಾಗವಿದೆ. ಆದರೆ ಅಲ್ಲಿ ಪಳಗಿದ ವೈದ್ಯರು ಆ ಅನುಭವದ ಮೇಲೆ ನೇರವಾಗಿ ಅಮೆರಿಕದ ಈ ಪರೀಕ್ಷೆ ಬರೆಯುವಂತಿಲ್ಲ. ಇದನ್ನು ತಿಳಿಯದೆ ಪುಸ್ತಕಕ್ಕೆ ದುಡ್ಡು ಸುರಿದವರನ್ನು ನೋಡಿದ್ದೇನೆ.

ಪರೀಕ್ಷೆಗೆ ಮೂರು ಹಂತ. ಮೊದಲನೆಯದು ಎರಡನೇ ವರ್ಷ ಮುಗಿದ ಬೇಸಿಗೆಯಲ್ಲಿ: ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ಸೂಕ್ಷ್ಮಜೀವಿಗಳು, ರೋಗಲಕ್ಷಣ ಶಾಸ್ತ್ರ, ಔಷಧ ಶಾಸ್ತ್ರ. ಎರಡನೆಯದು ಕೊನೆಯ ವರ್ಷದಲ್ಲಿ: ರೋಗಿಯನ್ನು ಮುಂದಿಟ್ಟುಕೊಂಡು ಕೇಳುವ ಪ್ರಶ್ನೆಗಳು. ಮೂರನೆಯದು ಪದವಿಯ ನಂತರ, ಸಾಮಾನ್ಯವಾಗಿ ರೆಸಿಡೆನ್ಸಿಯ ಅವಧಿಯಲ್ಲಿ. ಜನ ನಿದ್ದೆಗೆಡುವುದು ಮೊದಲನೆಯದಕ್ಕೆ. ಹಾಗಾಗಿ ಈ ಬರಹದಲ್ಲೂ ಅದಕ್ಕೇ ಹೆಚ್ಚು ಜಾಗ.

ತೂಕ ನೋಡಿ ಓದಿ

ನಾನು ಮಾಡಿದ ತಪ್ಪು ಇದು. ಎಂಟು ವಾರ ಕೈಯಲ್ಲಿತ್ತು. ಪುಸ್ತಕದ ಮೊದಲ ಪುಟದಿಂದ ಶುರು ಮಾಡಿದೆ. ಮೊದಲ ಪುಟದಲ್ಲಿ ಜೀವರಸಾಯನವಿತ್ತು. ಹಸಿರು, ಹಳದಿ, ಗುಲಾಬಿ ಹೈಲೈಟರ್ ಹಿಡಿದು ಮೂರು ವಾರ ಕ್ರೆಬ್ಸ್ ಚಕ್ರದಲ್ಲೇ ಸುತ್ತಿದೆ. ಪಾದದ ಅಂಗರಚನೆ? ಅದು ‘ಗೊತ್ತಿರುವ ವಿಷಯ’, ಕೊನೆಯ ವಾರ ತಿರುವಿ ಹಾಕಿದರೆ ಸಾಕು ಎಂದುಕೊಂಡಿದ್ದೆ. ಆ ಕೊನೆಯ ವಾರ ಬಂದಾಗ ನಾನು ಇನ್ನೂ ಬ್ಯಾಕ್ಟೀರಿಯಾಗಳ ಜತೆಗಿದ್ದೆ.

ಮಂಡಳಿ ತನ್ನ ಮಾಹಿತಿ ಪುಸ್ತಿಕೆಯಲ್ಲಿ ಯಾವ ವಿಷಯಕ್ಕೆ ಎಷ್ಟು ಪಾಲು ಎಂದು ಬಿಚ್ಚಿ ಹೇಳಿರುತ್ತದೆ. ಮೊದಲ ಹಂತದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದು ಪ್ರಶ್ನೆ ಸೊಂಟದಿಂದ ಕೆಳಗಿನ ಅಂಗರಚನೆಯದು. ಕನ್ನಡದವರು ಇದನ್ನು ಮರೆಯುವಂತೆಯೇ ಇಲ್ಲ: ಕಾಲು ಭಾಗ ಕಾಲಿನದೇ. ಸೂಕ್ಷ್ಮಜೀವಿ, ರೋಗಲಕ್ಷಣ, ಔಷಧ ಈ ಮೂರಕ್ಕೂ ದೊಡ್ಡ ಪಾಲಿದೆ. ನಾನು ಮೂರು ವಾರ ಕೊಟ್ಟ ಜೀವರಸಾಯನದ ಪಾಲು ಎಲ್ಲಕ್ಕಿಂತ ಚಿಕ್ಕದು.

ಆದ್ದರಿಂದ ಮೊದಲ ಕೆಲಸ, ಈ ವರ್ಷದ ಪುಸ್ತಿಕೆಯನ್ನು ಮುದ್ರಿಸಿ ಗೋಡೆಗೆ ಅಂಟಿಸುವುದು. ಎರಡನೆಯದು, ಓದಲು ಶುರು ಮಾಡುವ ಮೊದಲೇ ಐವತ್ತು ಪ್ರಶ್ನೆಗಳ ಒಂದು ಅಣಕು ಪರೀಕ್ಷೆ ಬರೆಯುವುದು. ಅಂಕ ಕೆಟ್ಟದಾಗಿಯೇ ಬರುತ್ತದೆ, ಬರಲಿ. ಯಾವುದು ಗೊತ್ತಿದೆ, ಯಾವುದು ಗೊತ್ತಿದೆ ಎಂದುಕೊಂಡಿದ್ದೇವೆ ಎಂಬುದು ಅದರಿಂದ ಬೇರ್ಪಡುತ್ತದೆ. ಆಮೇಲೆ ವಾರಗಳನ್ನು ಹಂಚಿ. ಎಂಟು ವಾರವಿದ್ದರೆ ಕಾಲಿನ ಅಂಗರಚನೆಗೆ ಎಂದು ಪ್ರತ್ಯೇಕವಾಗಿ ಎರಡು ವಾರ ತೆಗೆದಿಡಬೇಡಿ. ಎಂಟೂ ವಾರ ಪ್ರತಿದಿನ ಬೆಳಿಗ್ಗೆ ಒಂದೂವರೆ ಗಂಟೆ ಕೊಡಿ. ಇದು ನಿತ್ಯದ ಹಾಲಿನ ಲೆಕ್ಕ, ಹಬ್ಬದ ಅಡುಗೆಯದಲ್ಲ.

ಪುಸ್ತಕ ಮುಚ್ಚಿ, ಕಾಲು ಚಾಚಿ

ಎರಡನೇ ಸಲ ನಾನು ಹೈಲೈಟರ್ ಬಿಟ್ಟು ಸ್ಕೆಚ್ ಪೆನ್ ಹಿಡಿದೆ. ಪರೀಕ್ಷೆಗೆ ಬರುವ ಅತಿ ದೊಡ್ಡ ಅಧ್ಯಾಯ ನಮ್ಮ ಮೈಗೇ ಅಂಟಿಕೊಂಡಿರುವಾಗ ಅದನ್ನು ಬಳಸದಿರುವುದು ದಡ್ಡತನ. ಒಂದೊಂದು ಪಾದದಲ್ಲಿ 26 ಮೂಳೆ: ಹಿಂಭಾಗದಲ್ಲಿ 7, ನಡುವೆ 5, ಬೆರಳುಗಳಲ್ಲಿ 14. ಸ್ನಾನಕ್ಕೆ ಮೊದಲು ಒಂದು ಕಾಲಿನ ಮೇಲೆ ಅವನ್ನು ಬರೆಯಿರಿ, ಹೆಸರು ಹೇಳಿ, ತೊಳೆಯಿರಿ. ಮರುದಿನ ಇನ್ನೊಂದು ಕಾಲಿನ ಮೇಲೆ ನರ, ರಕ್ತನಾಳ.

ಕಾಲಿನ ಒಳಬದಿಯ ಗಿಣ್ಣಿನ ಹಿಂದೆ ಒಂದು ಇಕ್ಕಟ್ಟಾದ ಓಣಿಯಿದೆ, ಟಾರ್ಸಲ್ ಟನಲ್. ಅದರೊಳಗೆ ಮುಂದಿನಿಂದ ಹಿಂದಕ್ಕೆ ಸಾಲಾಗಿ ಸಾಗುವವು ಟಿಬಿಯಾಲಿಸ್ ಪೋಸ್ಟೀರಿಯರ್, ಫ್ಲೆಕ್ಸರ್ ಡಿಜಿಟೋರಮ್ ಲಾಂಗಸ್, ಆರ್ಟರಿ, ವೇನ್, ನರ್ವ್, ಫ್ಲೆಕ್ಸರ್ ಹಾಲುಸಿಸ್ ಲಾಂಗಸ್. ಈ ಸರದಿಯ ಮೇಲೆ ಪ್ರಶ್ನೆ ತಪ್ಪಿದ್ದಲ್ಲ. ಸಹಪಾಠಿಗಳೆಲ್ಲ ಟಾಮ್, ಡಿಕ್ ಎಂದು ಇಂಗ್ಲಿಷಿನ ಒಂದು ಸಾಲು ಗುನುಗುತ್ತಿದ್ದರು. ನನಗದು ನಾಲಿಗೆಗೆ ಹತ್ತಲಿಲ್ಲ. ನಾನು ಕಟ್ಟಿಕೊಂಡದ್ದು: ‘ತಿಪ್ಪ ದಿನಾ ಆಡುತ್ತಾ ವಠಾರದ ನಾಯಿಗೆ ಹೆದರಿದ.’ ತಿ, ದಿ, ಆ, ವ, ನಾ, ಹೆ. ಇಂದಿಗೂ ಶಸ್ತ್ರಚಿಕಿತ್ಸೆಯ ಮೇಜಿನೆದುರು ನಿಂತಾಗ ಮನಸ್ಸಿನಲ್ಲಿ ತಿಪ್ಪ ಓಡುತ್ತಾನೆ.

ಅಂಗಾಲಿನ ಸ್ನಾಯುಗಳು ನಾಲ್ಕು ಪದರ. ಸೆಟ್ ದೋಸೆಯಂತೆ ಒಂದರ ಮೇಲೊಂದು. ಕಾಗದವನ್ನು ಪಾದದ ಆಕಾರಕ್ಕೆ ನಾಲ್ಕು ಸಲ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಪದರ ಬರೆದು, ಜೋಡಿಸಿ, ಬಿಡಿಸಿ ಅಭ್ಯಾಸ ಮಾಡಿ. ಪ್ರಶ್ನೆ ಕಟ್ಟುವವರಿಗೆ ಇಷ್ಟವಾದ ಜಾಗ ಯಾವುದು ಗೊತ್ತೇ? ಕೈಗೂ ಕಾಲಿಗೂ ವ್ಯತ್ಯಾಸವಿರುವ ಜಾಗ. ಲಂಬ್ರಿಕಲ್ ಎಂಬ ನಾಲ್ಕು ಪುಟ್ಟ ಸ್ನಾಯುಗಳು ಎರಡರಲ್ಲೂ ಇವೆ. ಕೈಯಲ್ಲಿ ಎರಡು ನರಗಳು ಅವನ್ನು ಎರಡೆರಡಾಗಿ ಹಂಚಿಕೊಳ್ಳುತ್ತವೆ. ಪಾದದಲ್ಲಿ ಒಳಬದಿಯ ನರಕ್ಕೆ ಒಂದೇ, ಉಳಿದ ಮೂರೂ ಹೊರಬದಿಯ ನರಕ್ಕೆ. ಬೆರಳು ಅಗಲಿಸುವಾಗ ನಡುಗೆರೆ ಕೈಯಲ್ಲಿ ಮೂರನೇ ಬೆರಳಾದರೆ ಕಾಲಿನಲ್ಲಿ ಎರಡನೆಯದು. ಇಂಥವನ್ನು ಒಂದು ಹಾಳೆಯ ಎರಡು ಮಗ್ಗುಲಲ್ಲಿ ಬರೆದಿಟ್ಟುಕೊಳ್ಳಿ. ಈ ಒಂದು ಹಾಳೆ ನನಗೆ ಹಲವು ಅಂಕ ತಂದುಕೊಟ್ಟಿತು.

ತಪ್ಪಿನ ನೋಟ್‌ಬುಕ್

ಮಧ್ಯಾಹ್ನ ಪೂರ್ತಿ ಪ್ರಶ್ನೆ ಬಿಡಿಸುವುದಕ್ಕೆ ಇರಲಿ. ಓದಿ ಮುಗಿಸಿ ಆಮೇಲೆ ಪ್ರಶ್ನೆ ನೋಡುತ್ತೇನೆ ಎನ್ನುವವರ ಓದು ಮುಗಿಯುವುದೇ ಇಲ್ಲ. ದಿನಕ್ಕೆ ನಲವತ್ತು ಸಾಕು, ಆದರೆ ಉತ್ತರದ ವಿವರಣೆ ಓದಲು ಪ್ರಶ್ನೆಗೆ ಕೊಟ್ಟದ್ದರ ಎರಡರಷ್ಟು ಹೊತ್ತು ಕೊಡಿ. ತಪ್ಪಾದ ಪ್ರಶ್ನೆಯನ್ನು ನಕಲು ಮಾಡಬೇಡಿ. ಏಕೆ ತಪ್ಪಿದೆ ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಿರಿ. ‘ಗೊತ್ತಿರಲಿಲ್ಲ’, ‘ಗೊತ್ತಿತ್ತು, ಅವಸರ’, ‘ಪ್ರಶ್ನೆಯಲ್ಲಿ ಅಲ್ಲ ಎಂಬ ಪದ ಕಾಣಲಿಲ್ಲ’. ನನ್ನ ನೋಟ್‌ಬುಕ್‌ನಲ್ಲಿ ಮೂರನೆಯ ಬಗೆಯೇ ಹೆಚ್ಚಿತ್ತು. ಅಂಥ ರೋಗಕ್ಕೆ ಇನ್ನಷ್ಟು ಓದುವುದು ಮದ್ದಲ್ಲ, ಬೆರಳಿಟ್ಟು ನಿಧಾನ ಓದುವುದು ಮದ್ದು.

ಔಷಧ ವಿಭಾಗದಲ್ಲಿ ಅರಿವಳಿಕೆ ಚುಚ್ಚುಮದ್ದಿನ ಲೆಕ್ಕವನ್ನು ಕಣ್ಣು ಮುಚ್ಚಿ ಮಾಡುವಂತಾಗಬೇಕು. ಎಪಿನೆಫ್ರಿನ್ ಬೆರೆಸದ ಲಿಡೊಕೇನ್‌ನ ಮಿತಿ ಕೆ.ಜಿ.ಗೆ 4.5 ಮಿಲಿಗ್ರಾಂ, ಒಟ್ಟು 300 ಮೀರುವಂತಿಲ್ಲ. ರೋಗಿ 60 ಕೆ.ಜಿ. ಇದ್ದರೆ 270 ಮಿಲಿಗ್ರಾಂ. ಶೇ 1ರ ದ್ರಾವಣವೆಂದರೆ ಒಂದು ಮಿ.ಲೀ.ನಲ್ಲಿ 10 ಮಿಲಿಗ್ರಾಂ. ಅಂದರೆ 27 ಮಿ.ಲೀ. ಶೇ 2ರದ್ದಾದರೆ ಹದಿಮೂರೂವರೆ. ಇಲ್ಲಿಯವರೆಗೆ ಎಲ್ಲರೂ ಸರಿಯಾಗಿ ಬರುತ್ತಾರೆ. ಬಳಿಕ ಪ್ರಶ್ನೆಯಲ್ಲಿ 80 ಕೆ.ಜಿ.ಯ ರೋಗಿ ಬರುತ್ತಾನೆ, ದ್ರಾವಣ ಶೇ 1ರದ್ದೇ. ಗುಣಿಸಿದರೆ 360, ಆಯ್ಕೆಗಳಲ್ಲಿ 36 ಮಿ.ಲೀ. ಎಂಬುದೂ ಇರುತ್ತದೆ, ಕೈ ಅದರ ಮೇಲೆ ಹೋಗುತ್ತದೆ. ಆದರೆ 300ರ ಗೆರೆ ದಾಟುವಂತಿಲ್ಲವಲ್ಲ, ಉತ್ತರ 30.

ಎರಡನೇ ಹಂತ: ಮುಂದೇನು?

ಇಲ್ಲಿ ಹೆಸರು ಹೇಳಿದರೆ ಸಾಲದು. ‘ಈಗ ನೀವು ಏನು ಮಾಡುತ್ತೀರಿ?’ ಎಂಬ ಬಗೆಯ ಪ್ರಶ್ನೆಗಳು. ಹಲವು ವರ್ಷ ಸಕ್ಕರೆ ಕಾಯಿಲೆಯಿರುವ ಒಬ್ಬರ ಪಾದ ಕೆಂಪಾಗಿ ಬಿಸಿಯಾಗಿ ಊದಿದೆ. ಗಾಯವಿಲ್ಲ, ಜ್ವರವಿಲ್ಲ, ಹೇಳಿಕೊಳ್ಳುವಂಥ ನೋವೂ ಇಲ್ಲ. ಎಕ್ಸ್‌-ರೇ ಸರಿಯಾಗಿಯೇ ಕಾಣುತ್ತಿದೆ. ಸೋಂಕು ಎಂದು ಆ್ಯಂಟಿಬಯೋಟಿಕ್ ಬರೆದರೆ ಅಂಕ ಹೋಯಿತು. ಕಾಲನ್ನು ಸ್ವಲ್ಪ ಹೊತ್ತು ಎತ್ತರಕ್ಕೆ ಇಟ್ಟಾಗ ಕೆಂಪು ಇಳಿದರೆ ಅದು ಶಾರ್ಕೊ ಪಾದವಿರಬಹುದು, ಮೂಳೆ ಒಳಗೊಳಗೇ ಕುಸಿಯಲು ಶುರುವಾಗಿದೆ. ಮುಂದಿನ ಕೆಲಸ ಪಾದದ ಮೇಲಿನ ಭಾರ ಇಳಿಸುವುದು, ಪ್ಲಾಸ್ಟರ್ ಕಟ್ಟಿ ಅಲುಗದಂತೆ ಇಡುವುದು. ಹಾಗೆಯೇ, ಸಕ್ಕರೆ ಕಾಯಿಲೆಯವರ ಕಾಲಿನ ರಕ್ತದೊತ್ತಡ ತೋಳಿನದಕ್ಕಿಂತ ಬಹಳ ಹೆಚ್ಚಾಗಿ, 1.4ರ ಅನುಪಾತ ದಾಟಿ ಬಂದರೆ ರಕ್ತಸಂಚಾರ ಚೆನ್ನಾಗಿದೆ ಎಂದು ಹಿಗ್ಗಬೇಡಿ. ನಾಳದ ಗೋಡೆ ಸುಣ್ಣಗಟ್ಟಿ ಒತ್ತಿದರೂ ಮಣಿಯುತ್ತಿಲ್ಲ ಎಂದರ್ಥ. ಕಾಲ್ಬೆರಳಿನ ಒತ್ತಡ ಅಳೆಯಬೇಕು.

ಸ್ಪರ್ಶ ಪರೀಕ್ಷಿಸುವ 10 ಗ್ರಾಂ ನೈಲಾನ್ ಎಳೆಯ ಬಗ್ಗೆ ಓದುವಾಗ ನನಗೆ ಖುಷಿಯಾಗುವುದು, ಅದರ ಹಿಂದಿನ ತಿಳಿವಳಿಕೆಗೆ ನಮ್ಮ ಪಕ್ಕದೂರಿನ ನಂಟಿರುವುದಕ್ಕೆ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್, ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಪಾದದ ಹುಣ್ಣು ನೋಡುತ್ತ, ನೋವು ತಿಳಿಯದಿರುವುದೇ ಪಾದವನ್ನು ಕೆಡಿಸುತ್ತದೆ ಎಂದು ಕಂಡುಕೊಂಡರು. 1966ರಲ್ಲಿ ಅಮೆರಿಕದ ಲೂಸಿಯಾನಾಕ್ಕೆ ಹೋದ ಮೇಲೆ ಅದೇ ಪಾಠ ಸಕ್ಕರೆ ಕಾಯಿಲೆಯ ಪಾದಗಳಿಗೂ ಒದಗಿತು. ಮಧ್ಯಾಹ್ನದ ಬಿಸಿಲಿನಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಸುತ್ತಿ ಅಂಗಾಲು ಬೊಬ್ಬೆಯೆದ್ದರೂ ಮನೆಗೆ ಬಂದು ನೋಡುವವರೆಗೆ ತಿಳಿಯದ ಹಿರಿಯರು ನಮ್ಮಲ್ಲಿ ಎಷ್ಟಿಲ್ಲ? ಅಮೆರಿಕದ ಪ್ರಶ್ನೆಪತ್ರಿಕೆಯಲ್ಲಿ ಕಲ್ಲುಹಾಸಿನ ಬದಲು ಬಿಸಿನೀರಿನ ತೊಟ್ಟಿ ಇರುತ್ತದೆ, ಅಷ್ಟೇ.

ಹೆಸರಿನ ತಕರಾರು

ಇದನ್ನು ಯಾವ ಮಾರ್ಗದರ್ಶಿ ಪುಸ್ತಕವೂ ಹೇಳುವುದಿಲ್ಲ, ಆದರೆ ನಮ್ಮವರು ಸಿಕ್ಕಿಬೀಳುವುದು ಇಲ್ಲೇ. ನಮ್ಮಲ್ಲಿ ಹಲವರಿಗೆ ಮನೆತನದ ಹೆಸರಿಲ್ಲ, ಇನಿಷಿಯಲ್ ಇದೆ. ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಅಪ್ಪನ ಹೆಸರು ಸೇರಿಸಿರುತ್ತಾರೆ, ಕೆಲವೊಮ್ಮೆ ಊರಿನದೂ ಸೇರಿರುತ್ತದೆ. ವೀಸಾದಲ್ಲಿ ಒಂದು ಬಗೆ, ಕಾಲೇಜಿನ ದಾಖಲೆಯಲ್ಲಿ ಇನ್ನೊಂದು, ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಮತ್ತೊಂದು. ಪರೀಕ್ಷಾ ಕೇಂದ್ರದಲ್ಲಿ ನೋಂದಣಿಯ ಹೆಸರು, ಗುರುತಿನ ಚೀಟಿಯ ಹೆಸರು ಅಕ್ಷರಕ್ಕೆ ಅಕ್ಷರ ಕೂಡಬೇಕು. ನನ್ನ ಅಪ್ಪನ ಹೆಸರಿನ ‘ಅಪ್ಪ’ ಒಂದು ಕಡೆ ಕೂಡಿಕೊಂಡು, ಇನ್ನೊಂದು ಕಡೆ ಬಿಡಿಯಾಗಿತ್ತು. ಒಳಗೆ ಬಿಡಿಸಿಕೊಳ್ಳಲು ಇಪ್ಪತ್ತು ನಿಮಿಷ ವಾದಿಸಿದೆ. ಕೈ ನಡುಗುತ್ತಲೇ ಮೊದಲ ಹತ್ತು ಪ್ರಶ್ನೆ ಬರೆದೆ. ಅರ್ಜಿ ಹಾಕುವ ಎರಡು ತಿಂಗಳ ಮೊದಲೇ ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿ ಹೋಲಿಸಿ.

ಪರೀಕ್ಷೆಯ ದಿನ ಒಂದು ಪ್ರಶ್ನೆಗೆ ಸಿಗುವುದು ಒಂದು ನಿಮಿಷ, ಮೇಲೆ ಚಿಲ್ಲರೆ. ಗೊತ್ತಾಗದ್ದಕ್ಕೆ ಗುರುತು ಹಾಕಿ ಮುಂದೆ ಹೋಗಿ. ಹಿಂದಿನ ರಾತ್ರಿ ಎದ್ದಿರಬೇಡಿ. ಅದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಪಾಲಿಸುವುದಿಲ್ಲ, ನಾನೂ ಪಾಲಿಸಲಿಲ್ಲ. ಉತ್ತೀರ್ಣಕ್ಕೆ ಬೇಕಾದ 75 ಎಂಬುದು ನೂರಕ್ಕೆ ಎಪ್ಪತ್ತೈದಲ್ಲ, ಪ್ರಶ್ನೆಪತ್ರಿಕೆಯ ಕಷ್ಟಕ್ಕೆ ತಕ್ಕಂತೆ ಹೊಂದಿಸಿದ ಅಂಕ. ಹಾಗಾಗಿ ಹೊರಬಂದು ಬೆರಳೆಣಿಸುತ್ತ ಕೂರುವುದರಿಂದ ಪ್ರಯೋಜನವಿಲ್ಲ.

ಫೇಲಾದರೆ? ಯಾವ ವಿಷಯದಲ್ಲಿ ಹಿಂದೆ ಬಿದ್ದಿರಿ ಎಂಬ ವಿವರ ಫಲಿತಾಂಶದ ಜತೆ ಬರುತ್ತದೆ. ಎರಡು ದಿನ ಅತ್ತು, ಮೂರನೇ ದಿನ ಅದನ್ನು ತೆರೆಯಿರಿ. ನನ್ನದರಲ್ಲಿ ತೀರಾ ಕೆಳಗಿದ್ದದ್ದು ‘ಗೊತ್ತಿರುವ’ ಪಾದವೇ. ಕಾಲೇಜಿನ ಸಲಹೆಗಾರರನ್ನು ಆ ವಾರವೇ ಕಾಣಿ. ಮರುಪರೀಕ್ಷೆಯ ದಿನಕ್ಕೂ ಮೂರನೇ ವರ್ಷದ ಆಸ್ಪತ್ರೆ ಪಾಳಿಗೂ ತಾಳೆ ಹಾಕಬೇಕಾಗುತ್ತದೆ.

ಮೂರನೇ ಹಂತದ ಬಗ್ಗೆ ಹೇಳುವುದು ಕಡಿಮೆ. ಅಷ್ಟು ಹೊತ್ತಿಗೆ ದಿನವೂ ರೋಗಿಗಳನ್ನು ನೋಡುತ್ತಿರುತ್ತೀರಿ, ವಾರ್ಡಿನಲ್ಲಿ ಕಲಿತದ್ದೇ ಕೈಹಿಡಿಯುತ್ತದೆ. ಅದಾದ ಮೇಲೆ ಯಾವ ರಾಜ್ಯದಲ್ಲಿ ಕೆಲಸ ಮಾಡುತ್ತೀರೋ ಅಲ್ಲಿನ ಲೈಸೆನ್ಸ್‌ಗೆ ಅರ್ಜಿ. ಅಂಕಪಟ್ಟಿ ಪರೀಕ್ಷಾ ಮಂಡಳಿಯಿಂದಲೇ ನೇರವಾಗಿ ಆ ರಾಜ್ಯಕ್ಕೆ ಹೋಗುವಂತೆ ಕೋರಿಕೆ ಸಲ್ಲಿಸಬೇಕು. ಆ ನಮೂನೆಯಲ್ಲೂ ಮತ್ತೆ ಅದೇ ಹೆಸರು, ಅದೇ ಅಪ್ಪ, ಕೂಡಿಸಿ ಬರೆದಿದ್ದರೆ ಕೂಡಿಸಿಯೇ.