ಮಳೆಗಾಲದ ಖಾಲಿ ಕೋಣೆ: ವಾರದ ನಡುವೆ ಹೋಂಸ್ಟೇಗೆ ಅತಿಥಿಗಳನ್ನು ಕರೆಯುವುದು ಹೇಗೆ?

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಹೋಂಸ್ಟೇ ನಡೆಸುವವರ ಜುಲೈ ತಿಂಗಳ ಬುಕಿಂಗ್ ಪುಸ್ತಕವನ್ನು ತೆರೆದರೆ ಶನಿವಾರದ ಸಾಲಿನಲ್ಲಿ ಹೆಸರುಗಳು ತುಂಬಿರುತ್ತವೆ, ಸೋಮವಾರದಿಂದ ಗುರುವಾರದವರೆಗಿನ ಸಾಲುಗಳು ಬೋಳಾಗಿರುತ್ತವೆ. ‘ಮಳೆಗಾಲದಲ್ಲಿ ಜನ ಬರುವುದಿಲ್ಲ’ ಎಂಬ ಮಾತು ಆದ್ದರಿಂದ ಅರ್ಧ ಮಾತ್ರ ನಿಜ. ಜನ ಬರುತ್ತಾರೆ, ವಾರದ ನಡುವೆ ಬರುವುದಿಲ್ಲ. ಈ ಖಾಲಿ ದಿನಗಳಿಗೆ ದರ ಕಡಿತವೊಂದೇ ಮದ್ದು ಎಂದು ಹಲವರು ನಂಬಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ಎಲ್ಲ ಉಪಾಯಗಳೂ ಮುಗಿದ ಮೇಲೆ ಹಿಡಿಯಬೇಕಾದ ದಾರಿ.

ಮೊದಲು ಬಿಡುವಿರುವವರನ್ನು ಹುಡುಕಿ

ಕಳೆದ ಎರಡು ವರ್ಷಗಳ ಪುಸ್ತಕವನ್ನು ಮುಂದಿಟ್ಟುಕೊಂಡು, ವಾರದ ನಡುವೆ ಬಂದುಹೋದ ಕೆಲವೇ ಅತಿಥಿಗಳು ಯಾರು ಎಂಬುದನ್ನು ಗುರುತು ಹಾಕಿಕೊಳ್ಳಿ. ಸಾಮಾನ್ಯವಾಗಿ ಅವರು ನಿವೃತ್ತ ದಂಪತಿ, ಮನೆಯಿಂದಲೇ ಕೆಲಸ ಮಾಡುವ ಐಟಿ ಉದ್ಯೋಗಿಗಳು, ಕಪ್ಪೆ ಮತ್ತು ಹಾವುಗಳ ಚಿತ್ರ ತೆಗೆಯಲು ಮಳೆಯನ್ನೇ ಕಾಯುವ ಛಾಯಾಗ್ರಾಹಕರು ಆಗಿರುತ್ತಾರೆ. ಇನ್ನೊಂದು ಗುಂಪನ್ನು ನಾವು ಮರೆಯುತ್ತೇವೆ: ಅಮೆರಿಕದಲ್ಲಿ ಶಾಲೆಗಳ ಬೇಸಿಗೆ ರಜೆ ಜೂನ್‌ನಿಂದ ಆಗಸ್ಟ್‌ವರೆಗೆ ಬರುತ್ತದೆ, ಕೊಲ್ಲಿ ದೇಶಗಳಲ್ಲೂ ಜುಲೈ–ಆಗಸ್ಟ್ ರಜೆಯ ಕಾಲ. ಅಲ್ಲಿನ ಕನ್ನಡಿಗರು ಮಕ್ಕಳೊಂದಿಗೆ ಊರಿಗೆ ಬರುವುದು ಸರಿಯಾಗಿ ನಮ್ಮ ಆರಿದ್ರಾ, ಪುನರ್ವಸು ಮಳೆಯ ನಡುವೆಯೇ. ಅವರಿಗೆ ಸೋಮವಾರವೂ ಒಂದೇ, ಶನಿವಾರವೂ ಒಂದೇ. ವಿದೇಶಿ ಪಾಸ್‌ಪೋರ್ಟ್ ಇರುವವರು ತಂಗಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರ ಸಲ್ಲಿಸಬೇಕೆಂಬ ನಿಯಮವನ್ನು ಮಾತ್ರ ಮರೆಯಬಾರದು.

ಮಳೆ ಕೊಡುವುದನ್ನೇ ಬಡಿಸಿ

ಜಲಪಾತದ ಫೋಟೊ ಎಲ್ಲರ ಜಾಹೀರಾತಿನಲ್ಲೂ ಇರುತ್ತದೆ. ನಿಮ್ಮ ಅಡುಗೆಮನೆಯಲ್ಲಿ ಒಂದೊಂದು ಮಳೆಯ ಸುಮಾರು ಹದಿನೈದು ದಿನಗಳಲ್ಲಷ್ಟೇ ಸಿಗುವುದೇನು ಎಂಬುದನ್ನು ಮಳೆನಕ್ಷತ್ರದ ಲೆಕ್ಕದಲ್ಲಿ ಬರೆದಿಟ್ಟುಕೊಂಡರೆ ಹೇಳಿಕೊಳ್ಳಲು ಹೊಸ ವಿಷಯ ಸಿಗುತ್ತದೆ. ಮೃಗಶಿರಾ ಮಳೆಗೆ ಹಲಸಿನ ಕಡುಬು, ನಂತರ ಕೆಸುವಿನೆಲೆಯ ಪತ್ರೊಡೆ, ತೋಟದ ಬಿದಿರು ಮೆಳೆಯಿಂದ ಕಳಲೆ. ಕೊಡಗಿನವರಾದರೆ ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ ಪದಿನೆಟ್ಟಿನ (ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ) ದಿನವನ್ನು ಬಿಡಲೇಬೇಡಿ. ಅಂದು ಮದ್ದುಸೊಪ್ಪನ್ನು ಕುದಿಸಿದ ರಸ ಪಾತ್ರೆಯಲ್ಲಿ ಮೊದಲು ತಿಳಿನೇರಳೆಯಾಗಿ, ಆಮೇಲೆ ಶಾಯಿಯಂತೆ ಕಪ್ಪಾಗುವುದನ್ನು ಒಲೆಯ ಬಳಿ ನಿಂತು ನೋಡಿದ ಪಟ್ಟಣದ ಮಗು ಅದನ್ನು ಬೇಗ ಮರೆಯುವುದಿಲ್ಲ. ಆ ರಸದ ಪಾಯಸ ತಿಂದವರಿಗೆ ಮರುದಿನ ಮೂತ್ರದ ಬಣ್ಣ ಕೆಂಪಾಗುತ್ತದೆಂದು ಮಾತ್ರ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಬೆಳಿಗ್ಗೆ ಅತಿಥಿ ಗಾಬರಿಯಿಂದ ಡಾಕ್ಟರನ್ನು ಕೇಳಿಕೊಂಡು ಬರುತ್ತಾರೆ.

ನಾಟಿ ನಡೆಯುವ ಗದ್ದೆ ನಿಮ್ಮದೇ ಇದ್ದರೆ ಒಂದು ಗಂಟೆ ಕೆಸರಿಗಿಳಿಯಲು ಬಿಡಬಹುದು. ಹೊಳೆಗೆ ಮಾತ್ರ ಯಾರನ್ನೂ ಇಳಿಸಬೇಡಿ.

ಮನೆಯನ್ನು ಮಳೆಗೆ ಸಿದ್ಧಗೊಳಿಸಿ

ನಾನೊಮ್ಮೆ ಜುಲೈನಲ್ಲಿ ಉಳಿದುಕೊಂಡ ಮನೆಯ ಊಟ, ನೋಟ ಎರಡೂ ಸೊಗಸಾಗಿದ್ದವು; ಆದರೆ ಹೊದಿಕೆಯ ಮುಗ್ಗುಲು ವಾಸನೆಯಿಂದ ರಾತ್ರಿಯಿಡೀ ನಿದ್ದೆ ಬರಲಿಲ್ಲ, ಇಂದಿಗೂ ಆ ಮನೆಯೆಂದರೆ ನನಗೆ ನೆನಪಾಗುವುದು ಆ ವಾಸನೆಯೇ. ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಗಳ ಕಟ್ಟಿ ಬಟ್ಟೆ ಒಣಗಿಸುತ್ತಿದ್ದ ವ್ಯವಸ್ಥೆಯನ್ನು ಅತಿಥಿಗಳ ಒದ್ದೆ ಬಟ್ಟೆಗೂ ಒದಗಿಸಿದರೆ, ಹಂಡೆಯ ಬಿಸಿನೀರು ಹೊತ್ತು ಹೊತ್ತಿಗೆ ಸಿಕ್ಕರೆ, ಉಳಿದ ಕೊರತೆಗಳನ್ನು ಅವರು ಮನ್ನಿಸುತ್ತಾರೆ. ಬಾಗಿಲ ಬಳಿ ನಾಲ್ಕಾರು ಅಳತೆಯ ಗಂಬೂಟು, ಕೊಡೆ, ಉಂಬಳ (ಜಿಗಣೆ) ಹತ್ತದಂತೆ ತಡೆಯುವ ಮೊಣಕಾಲುದ್ದದ ಕಾಲುಚೀಲ ಇರಲಿ. ಕೆಲಸ ಹೊತ್ತು ತರುವವರಿಗೆ ಇನ್ವರ್ಟರ್ ಎಷ್ಟು ಗಂಟೆ ಬರುತ್ತದೆ, ಯಾವ ಕಂಪನಿಯ ಸಿಗ್ನಲ್ ಮನೆಯ ಯಾವ ಮೂಲೆಯಲ್ಲಿ ಸಿಗುತ್ತದೆ ಎಂಬುದನ್ನು ಬುಕಿಂಗ್‌ಗೆ ಮೊದಲೇ ತಿಳಿಸಿ.

ದರದ ಲೆಕ್ಕ

ನಮ್ಮಲ್ಲಿ ದರ ಹೇಳುವುದು ಊಟವೂ ಸೇರಿ ತಲೆಗೆ ಇಷ್ಟೆಂದು. ಉದಾಹರಣೆಗೆ ಸೀಸನ್ ದರ ತಲೆಗೆ 2,500 ರೂಪಾಯಿ, ಬುಕಿಂಗ್ ಆ್ಯಪ್‌ನ ಕಮಿಷನ್ ಶೇ 15, ಇಬ್ಬರ ಊಟ, ಸೌದೆ, ಒಗೆತ ಸೇರಿ ದಿನಕ್ಕೆ 1,150 ರೂಪಾಯಿ ಖರ್ಚು ಎಂದಿಟ್ಟುಕೊಳ್ಳೋಣ. ದರವನ್ನು ಅರ್ಧಕ್ಕೆ ಇಳಿಸಿದರೆ ಇಬ್ಬರಿಂದ ಬರುವ 2,500ರಲ್ಲಿ ಕಮಿಷನ್, ಖರ್ಚು ಕಳೆದು ಉಳಿಯುವುದು 975 ರೂಪಾಯಿ. ಮೂರು ರಾತ್ರಿಗೆ 2,925. ಇದರ ಬದಲು ಎರಡು ರಾತ್ರಿಗೆ ಪೂರ್ತಿ ದರ ಪಡೆದು, ಮೂರನೆಯ ರಾತ್ರಿಗೆ ಇಬ್ಬರಿಂದಲೂ ಸೇರಿ ಹೆಚ್ಚುಕಡಿಮೆ ದಿನದ ಖರ್ಚಿನಷ್ಟೇ, ಅಂದರೆ 1,200 ರೂಪಾಯಿ ಪಡೆದರೆ, ಒಟ್ಟು 11,200ರಲ್ಲಿ ಕಮಿಷನ್, ಖರ್ಚು ಕಳೆದರೂ 6,070 ರೂಪಾಯಿ ಕೈಯಲ್ಲಿರುತ್ತದೆ. ಅರ್ಧ ದರಕ್ಕೆ ಬಂದವರು ದಸರಾ ರಜೆಯಲ್ಲೂ ಅದೇ ದರ ಕೇಳುತ್ತಾರೆ; ಮೂರನೆಯ ರಾತ್ರಿಯ ರಿಯಾಯಿತಿಗೆ ಆ ತೊಂದರೆಯಿಲ್ಲ. ಪೂರ್ತಿ ದರಕ್ಕೆ ಗಿರಾಕಿಯೇ ಸಿಗದಿದ್ದರೆ ಸ್ವಲ್ಪ ಇಳಿಸಬಹುದು, ಆದರೆ ಮೂರು ರಾತ್ರಿಯ ಕಟ್ಟನ್ನು ಬಿಡಬೇಡಿ.

ರಸ್ತೆಯ ಬಗ್ಗೆ ಸುಳ್ಳು ಬೇಡ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದನ್ನು, ಮರುವರ್ಷ ಮೂಡಿಗೆರೆ ಭಾಗದಲ್ಲಿ ಆದದ್ದನ್ನು ಯಾರೂ ಮರೆತಿಲ್ಲ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಮಳೆಗಾಲದ ಸಂಚಾರ ಯಾವ ದಿನ ನಿಲ್ಲುತ್ತದೆಂದು ಹೇಳಲಾಗದು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ, ಅಥವಾ ಜಿಲ್ಲಾಡಳಿತ ಪ್ರವಾಸಿಗರನ್ನು ತಡೆದರೆ, ಹಣ ಪೂರ್ತಿ ವಾಪಸ್ ಅಥವಾ ಬೇರೆ ದಿನಾಂಕ ಎಂಬ ಷರತ್ತನ್ನು ಮೊದಲೇ ಬರೆದುಕೊಡಿ. ಇದರಿಂದ ನಷ್ಟವಾಗುವುದು ಕೆಲವೇ ದಿನಗಳು. ‘ಮಳೆ ಜೋರಾದರೆ ನಮ್ಮ ಮುಂಗಡದ ಗತಿಯೇನು’ ಎಂದು ಹಿಂಜರಿಯುವವರು ಬುಕ್ ಮಾಡಲು ಧೈರ್ಯ ಮಾಡುತ್ತಾರೆ. ಅತಿಥಿಗಳು ಹೊರಡುವ ಹಿಂದಿನ ಸಂಜೆ ನೀವೇ ಫೋನ್ ಮಾಡಿ ರಸ್ತೆಯ ಸ್ಥಿತಿ ಹೇಳಿ, ಮಣ್ಣುರಸ್ತೆಯ ಕೊನೆಯ ಭಾಗಕ್ಕೆ ನಿಮ್ಮ ಜೀಪು ಕಳುಹಿಸಿ.

ಫೆಬ್ರುವರಿ–ಮಾರ್ಚ್‌ಗೆ ಬೇರೆ ಉಪಾಯ

ಪರೀಕ್ಷೆಯ ಕಾಲದಲ್ಲಿ ಮಕ್ಕಳಿರುವ ಕುಟುಂಬಗಳು ಬರುವುದಿಲ್ಲ, ಕರೆದು ಪ್ರಯೋಜನವೂ ಇಲ್ಲ. ಆದರೆ ತೋಟದಲ್ಲಿ ಕಾಫಿ ಹೂವಾಗುವುದು ಆಗಲೇ. ಹೂಮಳೆ ಬಿದ್ದ ಎಂಟು–ಹತ್ತು ದಿನಕ್ಕೆ ಬೆಟ್ಟವೆಲ್ಲ ಬೆಳ್ಳಗಾಗಿ, ಮಲ್ಲಿಗೆಯಂಥ ಪರಿಮಳ ತುಂಬಿ, ಮೂರು–ನಾಲ್ಕು ದಿನದಲ್ಲಿ ಮುಗಿಯುತ್ತದೆ. ವಾರದ ಮುನ್ಸೂಚನೆಯಲ್ಲಿ ಹೊರಡಬಲ್ಲ ನಿವೃತ್ತರ ವಾಟ್ಸ್‌ಆ್ಯಪ್ ಪಟ್ಟಿಯೊಂದನ್ನು ಇಟ್ಟುಕೊಂಡು, ಮಳೆ ಬಿದ್ದ ಸಂಜೆಯೇ ‘ಹೂಮಳೆ ಆಯಿತು, ಮುಂದಿನ ವಾರ ಹೂ’ ಎಂದು ಎರಡೇ ಸಾಲು ಕಳುಹಿಸಿದರೆ ಸಾಕು. ಸ್ಪ್ರಿಂಕ್ಲರ್‌ನಿಂದ ನೀರು ಕೊಡುವ ರೋಬಸ್ಟಾ ತೋಟದವರಿಗೆ ಮೋಡ ಕಾಯುವ ಕೆಲಸವೂ ಇಲ್ಲ. ನೀರು ಬಿಡುವ ದಿನ ಗೊತ್ತಿರುವುದರಿಂದ ಆ ಸಂದೇಶವನ್ನು ಅವರು ಹದಿನೈದು ದಿನ ಮೊದಲೇ ಕಳುಹಿಸಬಹುದು.