ಕ್ವಾರಿ ಅಗಲಿಸುವ ಮೊದಲು ಸೀಳುಗಳನ್ನು ಅಳೆದೆವು

ಶಿವಮೊಗ್ಗ ತಾಲ್ಲೂಕಿನ ಜಲ್ಲಿ ಕ್ವಾರಿಯೊಂದನ್ನು ಅಗಲಿಸುವ ಕೆಲಸದ ಉಸ್ತುವಾರಿ ನನ್ನದಾಗಿತ್ತು. ‘ಕಲ್ಲು ಗಟ್ಟಿಯಿದೆ, ನೆಟ್ಟಗೆ ಕಡಿದರೂ ನಿಲ್ಲುತ್ತದೆ’ ಎಂದು ಮಾಲೀಕರು ವಾದಿಸುತ್ತಿದ್ದರು. ಕಲ್ಲು ಗಟ್ಟಿಯೇ. ಆದರೆ ಇಂಥ ಗೋಡೆಗಳು ಹೆಚ್ಚಾಗಿ ಕುಸಿಯುವುದು ಕಲ್ಲು ಮುರಿದಲ್ಲ, ಒಳಗೆ ಮೊದಲೇ ಇರುವ ಸೀಳುಗಳ ಮೇಲೆ ಜಾರಿ.

ಕಂಪಾಸ್ ಮತ್ತು ಇಳಿಜಾರು ಅಳೆಯುವ ಕ್ಲಿನೋಮೀಟರ್ ಹಿಡಿದು ಸೀಳುಗಳು ವಾಲಿದ ದಿಕ್ಕು, ಇಳಿಜಾರು ಎರಡನ್ನೂ ಬರೆದುಕೊಂಡೆ. ದೊಡ್ಡ ಸೀಳುಗಳೆಲ್ಲ ಸಮತಲದಿಂದ ಸುಮಾರು 50 ಡಿಗ್ರಿ ಇಳಿಜಾರಿನಲ್ಲಿ ಪೂರ್ವಕ್ಕೆ ವಾಲಿದ್ದವು. ಅಂದರೆ ಪಶ್ಚಿಮದ ಗೋಡೆಯಲ್ಲಿ ಅವು ಗುಂಡಿಯ ಕಡೆಗೇ ಇಳಿಯುತ್ತವೆ. ನಯವಾದ ಒಣ ಸೀಳಿನ ಮೇಲೆ ಕಲ್ಲು ಬರೀ ಘರ್ಷಣೆಯಿಂದ ನಿಲ್ಲುವುದು ಸಾಮಾನ್ಯವಾಗಿ 30–35 ಡಿಗ್ರಿಯವರೆಗೆ. ಜೇಡಿಮಣ್ಣು ತುಂಬಿದ್ದರೆ ಅದೂ ಇಲ್ಲ. ಅಲ್ಲಿ 75 ಡಿಗ್ರಿಯಲ್ಲಿ ಕಡಿದರೆ ಚಪ್ಪಡಿಯ ಬುಡವನ್ನೇ ತೆಗೆದಂತೆ. ಆದ್ದರಿಂದ ಪಶ್ಚಿಮದ ಗೋಡೆಯನ್ನು ಸೀಳಿನ ಇಳಿಜಾರಿಗೇ ಒರಗಿಸಿ ನಿಲ್ಲಿಸಿದೆವು. ವಿಸ್ತರಣೆಯನ್ನು ಪೂರ್ವಕ್ಕೆ ತಿರುಗಿಸಿದೆವು. ಅಲ್ಲಿ ಸೀಳುಗಳು ಗುಡ್ಡದೊಳಕ್ಕೆ ವಾಲಿವೆ. ಸೀಳುಗಳು ತೀರಾ ಕಡಿದಾಗಿದ್ದರೆ ಚಪ್ಪಡಿಗಳು ಮುಂದಕ್ಕೆ ಮಗುಚುವ ಭಯ ಅಲ್ಲಿಯೂ ಇರುತ್ತಿತ್ತು. ಮಾಲೀಕರಿಗೆ ಇದು ಒಪ್ಪಿಗೆಯಾಗಲು ಸಮಯ ಹಿಡಿಯಿತು, ಏಕೆಂದರೆ ರಸ್ತೆ ಇದ್ದದ್ದು ಪಶ್ಚಿಮಕ್ಕೆ.

ಮೇಲಿನ ಮಣ್ಣು, ಕೊಳೆತ ಕಲ್ಲಿನ ಪದರದ ವಿಷಯ ಬೇರೆ. ಅಂಥ ಸಡಿಲ ನೆಲವನ್ನು 45 ಡಿಗ್ರಿಗಿಂತ ಕಡಿದಾಗಿ ಬಿಡಬಾರದು, ಇಲ್ಲವೇ 1.5 ಮೀಟರ್ ಎತ್ತರ ಮೀರದ ಮೆಟ್ಟಿಲುಗಳಾಗಿ ಕಡಿಯಬೇಕು ಎನ್ನುತ್ತದೆ 1961ರ ಗಣಿ ನಿಯಮಾವಳಿ. ನಾವು ಇಳಿಜಾರನ್ನೇ ಆರಿಸಿಕೊಂಡೆವು.

ಮಲೆನಾಡಿನಲ್ಲಿ ನಿಜವಾದ ಶತ್ರು ನೀರು. ಸೀಳಿನಲ್ಲಿ ನಿಂತ ನೀರು ಚಪ್ಪಡಿಯನ್ನು ಹಿಂದಿನಿಂದ ತಳ್ಳುತ್ತದೆ. ಮುಂಗಾರಿಗೆ ಮೊದಲು ಅಂಚಿನ ಹಿಂದೆ ಅಡ್ಡ ಕಾಲುವೆ ತೋಡಿಸಿದೆ. ಅಡಿಕೆ ತೋಟದ ಬಸಿಗಾಲುವೆ ಕಂಡ ಕೂಲಿಯವರಿಗೆ ಅದನ್ನು ವಿವರಿಸಬೇಕಾಗಲಿಲ್ಲ. ಅಂಚಿನ ಬಿರುಕುಗಳಿಗೆ ನೀರು ಇಳಿಯದಂತೆ ಮೇಲಿನಿಂದ ಜೇಡಿ ತುಂಬಿ, ಎರಡೂ ಬದಿಗೆ ಗೂಟ ಹೊಡೆದು, ಟೇಪಿನಿಂದ ಅಂತರ ಅಳೆದು ಪುಸ್ತಕದಲ್ಲಿ ಬರೆಯುವ ಕ್ರಮ ಮಾಡಿದೆವು. ಅಂತರ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಕೆಳಗಿನ ಹಿಟಾಚಿ, ಟಿಪ್ಪರ್ ಎಲ್ಲವೂ ಹೊರಕ್ಕೆ.

ಸಿಡಿತದಲ್ಲಿಯೂ ಒಂದು ಬದಲಾವಣೆ: ಉಳಿಯಬೇಕಾದ ಗೋಡೆಗೆ ತಾಗಿದ ಕೊನೆಯ ಸಾಲಿನ ಕುಳಿಗಳನ್ನು ಹತ್ತಿರ ಹತ್ತಿರ ಕೊರೆದು ಮದ್ದು ಕಡಿಮೆ ತುಂಬುತ್ತೇವೆ. ಗೋಡೆ ಕಡಿಮೆ ಬಿರಿಯುತ್ತದೆ, ಸಡಿಲ ಕಲ್ಲೂ ಕಡಿಮೆ. ಆದರೂ ಪ್ರತಿ ಸಿಡಿತದ ನಂತರ, ಪ್ರತಿ ದೊಡ್ಡ ಮಳೆಯ ನಂತರ ಮೇಲಿನಿಂದ ಹಾರೆ ಹಾಕಿ ಸಡಿಲ ಕಲ್ಲನ್ನು ಬೀಳಿಸಿದ ಮೇಲೆಯೇ ಕೆಳಗಿನ ಬೆಂಚಿಗೆ, ಅಂದರೆ ಕಲ್ಲಿನಲ್ಲಿ ಕಡಿದ ಮೆಟ್ಟಿಲಿಗೆ, ಜನರನ್ನು ಇಳಿಸುತ್ತೇವೆ.