ಹಳೇ ರೈಲು ಪಾತ್ರೆಯಲ್ಲ, ತಿಕ್ಕಬೇಡಿ

ಹೊಳಪು ಬರಲಿ ಅಂತ ಹಳೇ ಆಟದ ರೈಲಿಗೆ ಲೋಹದ ಪಾಲಿಶ್ ಹಚ್ಚಿ ಗಸಗಸ ತಿಕ್ಕುವವರನ್ನು ಕಂಡರೆ ಕೈ ಹಿಡಿದು ನಿಲ್ಲಿಸೋಣ ಅನ್ನಿಸುತ್ತದೆ. ತಗಡಿನ ಬೋಗಿಯ ಮೇಲಿನ ಕಿಟಕಿ, ಬಾಗಿಲು, ಅಕ್ಷರಗಳು ಎಷ್ಟೋ ಸಲ ತಗಡಿಗೇ ಅಚ್ಚು ಹಾಕಿದ ತೆಳು ಬಣ್ಣ. ಪಾಲಿಶ್‌ನಲ್ಲಿರುವುದು ಉಜ್ಜುವ ನುಣ್ಣನೆ ಪುಡಿ. ನಾಲ್ಕು ಸಲ ಎಳೆದರೆ ಕಿಟಕಿಯೇ ಮಾಯ, ಮತ್ತೆ ತರಲಾಗದು.

ಮೊದಲು ಮೆತ್ತನೆ ಒಣ ಬ್ರಷ್‌ನಿಂದ ಧೂಳು ಕೊಡವಿ. ಒದ್ದೆ ಬಟ್ಟೆ ಆಮೇಲೆ. ಇಲ್ಲದಿದ್ದರೆ ಧೂಳೇ ಮರಳುಕಾಗದವಾಗಿ ಗೀರುತ್ತದೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಕೈಗವಸು ಹಾಕಿಕೊಳ್ಳಿ. ಕೆರೆಯುವುದಂತೂ ಬೇಡವೇ ಬೇಡ.

ಇನ್ನು ಹತ್ತಿ ಕಡ್ಡಿಯ ಕೆಲಸ. ಇದರಲ್ಲಿ ಅವಸರ ಮಾಡಿದವರಿಗೆ ನನ್ನ ಬೈಗುಳ ತಪ್ಪಿದ್ದಲ್ಲ. ಒಂದು ಬಟ್ಟಲು ಡಿಸ್ಟಿಲ್ಡ್ ನೀರಿಗೆ ಮೃದು ಸೋಪಿನ ದ್ರವ ಒಂದೇ ಹನಿ. ಕಡ್ಡಿ ಅದ್ದಿ, ಬಟ್ಟೆಗೆ ಒತ್ತಿ, ನೀರು ಸುರಿಯದಷ್ಟು ಒಣಗಿಸಿ. ಮೊದಲು ಬೋಗಿಯ ಹೊಟ್ಟೆಯ ಕೆಳಗೆ, ಯಾರಿಗೂ ಕಾಣದ ಕಡೆ ಪರೀಕ್ಷೆ. ಆಮೇಲೆ ಹೆಬ್ಬೆರಳಗಲದ ಜಾಗ ಮಾತ್ರ ಹಿಡಿಯಿರಿ. ಕಡ್ಡಿಯನ್ನು ಉಜ್ಜಬಾರದು, ಬೆರಳುಗಳ ನಡುವೆ ತಿರುಗಿಸುತ್ತಾ ಉರುಳಿಸಬೇಕು. ಉರುಳುವ ಹತ್ತಿ ಕೊಳೆಯನ್ನು ಎತ್ತಿಕೊಳ್ಳುತ್ತದೆ, ಉಜ್ಜುವ ಹತ್ತಿ ಎಳೆದಾಡುತ್ತದೆ. ಪ್ರತಿ ಸಲವೂ ಹತ್ತಿಯ ತುದಿ ನೋಡಿ: ಬೂದಿ, ಕಪ್ಪು ಬಂದರೆ ಕೊಳೆ, ಬೋಗಿಯದೇ ಕೆಂಪೋ ಹಸಿರೋ ಬಂದರೆ ಅಲ್ಲಿಗೇ ಕೈ ಬಿಡಿ. ಕಡ್ಡಿ ಕೊಳೆಯಾದೊಡನೆ ಬಿಸಾಡಿ, ಅದರಲ್ಲಿ ಜಿಪುಣತನ ಬೇಡ. ಬರೀ ನೀರಿನ ಕಡ್ಡಿ ಇನ್ನೊಂದು, ಒಣ ಕಡ್ಡಿ ಮತ್ತೊಂದು, ಆಮೇಲೇ ಪಕ್ಕದ ಜಾಗ. ತಗಡು ಮಡಚಿದ ಸಂದುಗಳೊಳಗೆ ನೀರು ನಿಂತರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಗೋಡೆಯ ಕನ್ನಡಿಗೂ ಇದೇ ಮಾತು: ದ್ರವವನ್ನು ಬಟ್ಟೆಗೆ ಹಾಕಿ, ಗಾಜಿಗೆ ಎರಚಿದರೆ ಅಂಚಿಗೆ ಇಳಿದು ಕಪ್ಪಾಗುತ್ತದೆ.

ಪೂರ್ತಿ ಒಣಗಿದ ಮೇಲೆ, ಉಜ್ಜುಪುಡಿಯಿಲ್ಲದ ಮೇಣ ಉಗುರು ತುದಿಯಷ್ಟು ಸಾಕು.

ಹಳಿಗೂ ಗಾಲಿಗೂ ಐಸೊಪ್ರೊಪೈಲ್ ಆಲ್ಕೊಹಾಲ್ ಸರಿ, ಬಣ್ಣಕ್ಕೆ ತಾಗದಿರಲಿ. ಸ್ಟೀಲ್ ನಾರು ಹತ್ತಿರಕ್ಕೂ ತರಬೇಡಿ. ಉದುರಿದ ಎಳೆಗಳನ್ನು ಮೋಟಾರಿನ ಅಯಸ್ಕಾಂತ ಸೆಳೆದುಕೊಂಡು ಶಾರ್ಟ್ ಆಗುತ್ತದೆ. ಕೀ ಕೊಡುವ ಇಂಜಿನ್ ಬಿಚ್ಚುವ ಮುನ್ನ ಸ್ಪ್ರಿಂಗ್ ಪೂರ್ತಿ ಸಡಿಲವಾಗಲಿ, ಬಿಗಿ ಸ್ಪ್ರಿಂಗ್ ಚಿಮ್ಮಿದರೆ ಬೆರಳು ಸೀಳೀತು.

ಎಣ್ಣೆಯ ವಿಷಯ. ಹೊಲಿಗೆ ಯಂತ್ರ ಮನೆಮನೆಯಲ್ಲಿದ್ದಾಗ ಸೂಜಿತುದಿಯಲ್ಲಿ ಹನಿ ಎತ್ತುವುದು ಮಕ್ಕಳಿಗೂ ಬರುತ್ತಿತ್ತು. ಈಗ ಡಬ್ಬಿಯನ್ನೇ ಬಗ್ಗಿಸುತ್ತಾರೆ! ತೆಳು ಯಂತ್ರದೆಣ್ಣೆ, ಗಾಲಿಯ ಅಚ್ಚಿನ ತುದಿಗೊಂದು ಹನಿ, ಅಷ್ಟೆ. ಅಡುಗೆ ಎಣ್ಣೆ ಹಾಕಿದರೆ ಅಂಟಾಗಿ ಗಾಲಿ ಕಚ್ಚಿಕೊಳ್ಳುತ್ತದೆ.

ಎರಕದ ಗಾಲಿ ಊದಿ ಬಿರುಕು ಬಿಟ್ಟಿದೆಯೇ? ಅದು ಕೊಳೆಯಲ್ಲ. ಸತುವಿನ ಮಿಶ್ರಣದಲ್ಲಿ ಸೀಸ ಸೇರಿ ಒಳಗಿಂದಲೇ ಪುಡಿಯಾಗುತ್ತಿದೆ. ತೊಳೆಯಲು ಹೋಗದೆ ಬೇರೆ ಗಾಲಿ ಹುಡುಕಿ.